ಒಡೆಯರ ಓಲೆಕಾರ

ಬೆಳಗಿನ ಆರು ಗಂಟೆ, ಮೈಸೂರು. ಚಾಮುಂಡಿ ಬೆಟ್ಟದ ಬುಡದಲ್ಲಿ ಮಾತಾಡುತ್ತಲೇ ಹತ್ತಲು ಶುರುಮಾಡಿದವರೆಲ್ಲ ಈಗ ಬಾಯಿ ಮುಚ್ಚಿದ್ದಾರೆ. ನಿಮ್ಮ ಮುಂದೆ ಹೆಂಗಸೊಬ್ಬರು ಬಗ್ಗಿ ಬಗ್ಗಿ ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ, ಕುಂಕುಮ ಹಚ್ಚುತ್ತಾ ಸಾಗುತ್ತಿದ್ದಾರೆ. ಹರಕೆ ಹೊತ್ತವರಿಗೆ ಬೇರೆ ಉಪಾಯ ಬೇಕಿಲ್ಲ. ಡಾಕ್ಟರ ಮಾತಿಗೆ ಹೆದರಿ ಬಂದವರು ನೀವು. ತೊಡೆ ಉರಿಯುತ್ತಿದೆ. ಪಕ್ಕದ ಬಂಡೆ ಬಾ ಎನ್ನುತ್ತಿದೆ.

ವೇಷ ಹಾಕುವ ಹೊತ್ತು ಇದೇ. ನೀವೀಗ ದೊಡ್ಡ ದೇವರಾಜ ಒಡೆಯರ ಓಲೆಕಾರ. ಈ ಮೆಟ್ಟಿಲು ಕಟ್ಟಿಸಿದವರು, ಮೇಲೆ ನಂದಿಯನ್ನು ಕಡೆಸಿದವರು ಅವರೇ. ಆಳಿದ್ದು 1659ರಿಂದ 1673ರವರೆಗೆ. ಸೊಂಟದಲ್ಲಿ ಓಲೆ ಇದೆ, ನಂದಿ ಕಡೆಯುತ್ತಿರುವ ಶಿಲ್ಪಿಯ ಕೈಗೆ ಅದು ಸೇರಬೇಕು. ಮಹಾರಾಜರ ಪಾತ್ರವನ್ನೇ ವಹಿಸೋಣವೆಂಬ ಆಸೆ ಬೇಡ. ಮಹಾರಾಜರಾದರೆ ಪಲ್ಲಕ್ಕಿ ತರಿಸುತ್ತಾರೆ.

ಇನ್ನೊಂದು ಮೆಟ್ಟಿಲು. ಉರಿ ಕಡಿಮೆಯಾಗಿಲ್ಲ, ಆದರೆ 'ನನಗೆಷ್ಟು ಸುಸ್ತು' ಎಂದು ಕೇಳುವವರು ಒಳಗೆ ಯಾರೂ ಇಲ್ಲ. 'ಓಲೆಕಾರ ಇಲ್ಲಿ ಕೂರುತ್ತಾನಾ?' ಕೂರುವುದಿಲ್ಲ. ಹತ್ತುತ್ತಾನೆ.

ಈ ವೇಷದ ಉಪಾಯ ಮಕ್ಕಳಲ್ಲಿ ಫಲಿಸಿದ್ದುಂಟು. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ರೇಚಲ್ ವೈಟ್ ಮತ್ತು ಸಂಗಡಿಗರು ನಾಲ್ಕು, ಆರು ವರ್ಷದ ಮಕ್ಕಳಿಗೆ 10 ನಿಮಿಷದ ಬೇಸರದ ಕೆಲಸ ಕೊಟ್ಟು, ಪಕ್ಕದಲ್ಲೇ ಆಟವಿರುವ ಟ್ಯಾಬ್ಲೆಟ್ ಇಟ್ಟಿದ್ದರು. 'ನಾನು ಕಷ್ಟಪಟ್ಟು ಕೆಲಸ ಮಾಡ್ತಿದ್ದೀನಾ' ಎಂದು ಕೇಳಿಕೊಂಡ ಮಕ್ಕಳಿಗಿಂತ 'ಬ್ಯಾಟ್‌ಮ್ಯಾನ್ ಕಷ್ಟಪಟ್ಟು ಕೆಲಸ ಮಾಡ್ತಿದ್ದಾನಾ' ಎಂದು ಕೇಳಿಕೊಂಡವರು ಹೆಚ್ಚು ಹೊತ್ತು ಕೆಲಸಕ್ಕೆ ಅಂಟಿಕೊಂಡರು. ಬೆಟ್ಟಕ್ಕೆ ಬ್ಯಾಟ್‌ಮ್ಯಾನ್ ಆಗಿಬರುವುದಿಲ್ಲ ಅನ್ನಿ. ಅವನಿಗೆ ಹಗಲು ಹೊತ್ತು ಒಗ್ಗದು.

ಮಂಡಿ ಚುಚ್ಚಿದರೆ ಮಾತ್ರ ವೇಷ ಕಳಚಿ ಅಲ್ಲೇ ಕೂತುಬಿಡಿ. ತೊಡೆಯ ಉರಿಯನ್ನು ನಾಟಕದಿಂದ ದಾಟಬಹುದು, ಮಂಡಿಯ ಚುಚ್ಚುನೋವನ್ನಲ್ಲ.

ಹಿಂದೆ ಊರು ಮೆಲ್ಲಗೆ ಕಾಣಿಸಿಕೊಳ್ಳುತ್ತಿದೆ, ಅರಮನೆಯೂ. ತಿರುಗಿ ನೋಡಬೇಡಿ, ಓಲೆಕಾರನಿಗೆ ಪುರುಸೊತ್ತಿಲ್ಲ. ಒಂದು ತಿರುವು, ಮತ್ತೊಂದಿಷ್ಟು ಮೆಟ್ಟಿಲು. ಸುಮಾರು 700ನೆಯ ಮೆಟ್ಟಿಲಿನ ಹತ್ತಿರ ಎಣ್ಣೆಗಪ್ಪಿನ ನಂದಿ, ಹದಿನೈದಡಿ ಎತ್ತರ, ಕೊರಳಲ್ಲಿ ಕಲ್ಲಿನ ಗಂಟೆಗಳು. ಕಾರಿನಲ್ಲಿ ಬಂದವರು ಆಗಲೇ ಸೆಲ್ಫಿಗೆ ನಿಂತಿದ್ದಾರೆ.

"ಸಾರ್, ಒಂದ್ ಫೋಟೋ ತೆಗೀತೀರಾ?"

ತೆಗೆದುಕೊಟ್ಟಿರಿ. ಓಲೆ ತಲುಪಿತು, ಕಾಲು ನಿಂತಿತು. ದೇವಸ್ಥಾನಕ್ಕೆ ಇನ್ನೂ ಮುನ್ನೂರು ಮೆಟ್ಟಿಲು ಬಾಕಿ. ಶಿಲ್ಪಿಯ ಹೆಸರು ಹೊಡೆದುಹಾಕಿ, ಓಲೆಯ ಮೇಲೆ ಅರ್ಚಕರ ಹೆಸರು ಬರೆದುಕೊಳ್ಳಿ.