ತ್ರ್ಯಂಬಕೇಶ್ವರದ ನೆಪ

ನಮ್ಮ ಪ್ರವಾಸಕ್ಕೆ ಮೊದಲು ಅಡ್ಡ ಬಂದದ್ದು ಗಣರಾಜ್ಯೋತ್ಸವ. 2024ರ ಜನವರಿ 26 ಶುಕ್ರವಾರ ಬಂದಿತ್ತು. ಶುಕ್ರ, ಶನಿ, ರವಿ ಮೂರು ದಿನ ರಜೆ. ಪುಣೆಯ ಸಾಫ್ಟ್‌ವೇರ್ ಮಂದಿಗೆ ಹೊಸ ಕ್ಯಾಲೆಂಡರ್ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದೇ ಇಂಥ ಶುಕ್ರವಾರಗಳ ಮೇಲೆ. ನಾನು, ನನ್ನ ಗಂಡ, ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಪರಿಚಯವಾಗಿ ಈಗ ಮನೆಯವರೇ ಆಗಿಬಿಟ್ಟಿರುವ ಶಿವಮೊಗ್ಗ ಕಡೆಯ ಗಂಡ ಹೆಂಡತಿ, ಹೀಗೆ ನಾಲ್ಕು ಜನ ನಾಸಿಕಕ್ಕೆ ಹೋಗಿ ವೈನ್ ರುಚಿ ನೋಡಿ ಬರುವುದೆಂದು ಡಿಸೆಂಬರಿನಲ್ಲೇ ತೀರ್ಮಾನಿಸಿದ್ದೆವು. ಬಾಡಿಗೆ ಕಾರು, ಡ್ರೈವರು ಎಲ್ಲ ಗೊತ್ತು ಮಾಡಿದ ಮೇಲೆ ಒಂದು ರಾತ್ರಿ ಹನ್ನೊಂದು ಗಂಟೆಗೆ ಶಿವಮೊಗ್ಗದ ಗೆಳತಿಗೆ ಜ್ಞಾನೋದಯವಾಯಿತು. ಫೋನ್ ಮಾಡಿ, "ಅಲ್ಲ ಕಣೇ, ಜನವರಿ ಇಪ್ಪತ್ತಾರು ಡ್ರೈ ಡೇ ಅಲ್ವೇನೇ ಮಾರಾಯ್ತಿ?" ಎಂದಳು.

ಡ್ರೈ ಡೇ ದಿನ ವೈನ್ ಸವಿಯಲು ಹೋಗುವುದೆಂದರೆ ಏಕಾದಶಿ ದಿನ ಬೀಗರ ಮನೆಗೆ ಹೋಳಿಗೆ ಊಟಕ್ಕೆ ಹೋದಂತೆ. ಮಹಾರಾಷ್ಟ್ರದಲ್ಲಿ 26 ಅಷ್ಟೇ ಅಲ್ಲ, ಗಾಂಧೀಜಿ ಹುತಾತ್ಮರಾದ ಜನವರಿ 30 ಕೂಡ ಒಣ ದಿನವೇ. ಆಷಾಢ ಏಕಾದಶಿಯೂ ಹೌದು. ಇದರ ಮೇಲೆ ಬಳ್ಳಿಯ ಪಂಚಾಂಗ ಬೇರೆ. ಯುರೋಪಿನಲ್ಲಿ ದ್ರಾಕ್ಷಿ ಕೊಯ್ಲು ಬೇಸಿಗೆ ಮುಗಿಯುವ ಹೊತ್ತಿಗೆ ನಡೆಯುತ್ತದಂತೆ. ನಮ್ಮ ಕಡೆ ಮಳೆ ಹಿಂದೆಗೆದ ಮೇಲೆ ಬಳ್ಳಿ ಸವರಿ, ಚಳಿಯಲ್ಲಿ ಕಾಯಿ ಬಲಿಸಿ, ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಯುತ್ತಾರೆ. ಮಳೆಗಾಲದಲ್ಲಿ ನಾಸಿಕಕ್ಕೆ ಹೋದರೆ ಗುಡ್ಡವೆಲ್ಲ ಹಸಿರು, ಹಣ್ಣು ಮಾತ್ರ ಇಲ್ಲ. ಏಪ್ರಿಲಿನಲ್ಲಿ ಹೋದರೆ ಬಿಸಿಲು ಒಂದೇ. ಫೆಬ್ರವರಿಯ ಎರಡನೇ ಶನಿವಾರ ಹೊರಟು, ಸೋಮವಾರ ಒಂದು ದಿನ ರಜೆ ಹಾಕಿ ಬರುವುದೆಂದು ಬದಲಾಯಿಸಿದೆವು.

ಇಷ್ಟು ತಲೆ ಕೆಡಿಸಿಕೊಳ್ಳಲು ನನಗೇನು ಬಂದಿತ್ತು ಎಂದು ನೀವು ಕೇಳಬಹುದು. ನಾನು ಹುಟ್ಟಿ ಬೆಳೆದದ್ದೇ ದ್ರಾಕ್ಷಿ ತೋಟದಲ್ಲಿ. ವಿಜಯಪುರ ಜಿಲ್ಲೆ, ತಿಕೋಟಾ ಕಡೆ. ನಾಲ್ಕು ಎಕರೆ ಥಾಮ್ಸನ್ ಸೀಡ್‌ಲೆಸ್. ಕೊಯ್ದ ಹಣ್ಣನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ಹರವಿದರೆ ಎರಡು ಮೂರು ವಾರದಲ್ಲಿ ಒಣದ್ರಾಕ್ಷಿ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. ಅದು ತಾಸಗಾಂವಿ ಪೇಟೆಗೆ ಹೋಗಿ ನನ್ನ ಎಂಜಿನಿಯರಿಂಗ್ ಫೀ ಆಗಿ ತಿರುಗಿ ಬರುತ್ತಿತ್ತು. ದ್ರಾಕ್ಷಿಗೆ ಇನ್ನೊಂದು ಅವತಾರವಿದೆ ಎಂಬ ಮಾತು ಮಾತ್ರ ನಮ್ಮ ಮನೆಯಲ್ಲಿ ಏಳುತ್ತಿರಲಿಲ್ಲ. ಅಪ್ಪಾಜಿ ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಚಹಾ ಕೂಡ ದಿನಕ್ಕೆ ಒಂದೇ ಸಲ. ನಾನು ಮೊದಲ ಸಲ ವೈನ್ ಕುಡಿದದ್ದು ಪುಣೆಗೆ ಬಂದ ನಾಲ್ಕನೇ ವರ್ಷ, ಆಫೀಸಿನ ಪಾರ್ಟಿಯಲ್ಲಿ. ಗುಟುಕು ಇಳಿಸಿ ಮೊದಲು ನೆನೆಸಿಕೊಂಡದ್ದು ನಮ್ಮ ಒಣಗಿಸುವ ಶೆಡ್ಡನ್ನು. ಅಂದಿನಿಂದ ಒಂದು ಆಸೆ. ಹಣ್ಣು ಇದಾಗುವುದು ಹೇಗೆಂದು ಕೊಯ್ಲಿನ ಕಾಲದಲ್ಲೇ ಹೋಗಿ ನೋಡಬೇಕು.

ಹೋಗುವುದಾದರೂ ಎಲ್ಲಿಗೆ? ನಮ್ಮ ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ಅವರ ತೋಟವಿದೆ, 1988ರ ಹೊತ್ತಿಗೇ ಶುರುವಾದದ್ದು. ಕನ್ನಡಿಗರೆಂಬ ಅಭಿಮಾನಕ್ಕೆ ಅಲ್ಲಿಗೇ ಹೋಗಬೇಕು, ಆದರೆ ಪುಣೆಯಿಂದ ಅದಕ್ಕೊಂದು ವಾರ ರಜೆ ಬೇಕು. ಹತ್ತಿರದ್ದು ಎರಡು. ಒಂದು ಸೋಲಾಪುರ ಜಿಲ್ಲೆಯ ಅಕಲೂಜ. ಅಲ್ಲಿನ ಮೋಹಿತೆ ಪಾಟೀಲರು, ದಿಲ್ಲಿಯ ಸೇಖ್ರಿ ಸಹೋದರರು, ಇಟಲಿಯ ಸೆಚ್ಚಿ ಸಹೋದರರು ಕೂಡಿ 2007ರಲ್ಲಿ ಕಟ್ಟಿದ 'ಫ್ರಾತೆಲ್ಲಿ' ಅಲ್ಲಿದೆ. ಇಟಾಲಿಯನ್ ಭಾಷೆಯಲ್ಲಿ ಹಾಗೆಂದರೆ ಅಣ್ಣತಮ್ಮಂದಿರು. ಇನ್ನೊಂದು ನಾಸಿಕ. 1990ರ ದಶಕದಲ್ಲಿ ಅಮೆರಿಕದ ಕೆಲಸ ಬಿಟ್ಟು ಊರಿಗೆ ಮರಳಿದ ರಾಜೀವ್ ಸಾಮಂತ್ ಎಂಬವರು ಅಲ್ಲಿ ಬಳ್ಳಿ ನೆಟ್ಟು 'ಸುಲಾ' ಕಟ್ಟಿದರು. 2005ರಲ್ಲಿ ಅಲ್ಲೇ ಕೂತು ರುಚಿ ನೋಡುವ ಕೋಣೆ ತೆರೆದರು, ಆಮೇಲೆ ಉಳಿಯಲು ರೆಸಾರ್ಟೂ ಬಂತು. ಸರ್ಕಾರ 2001ರಲ್ಲೇ ವೈನರಿಗಳಿಗೆ ಉತ್ತೇಜನದ ನೀತಿ ತಂದಿತ್ತು. ಹೀಗಾಗಿ ಈಗ ಗಂಗಾಪುರ ಅಣೆಕಟ್ಟಿನ ಸುತ್ತ, ದಿಂಡೋರಿ, ಇಗತಪುರಿ ಕಡೆಯೆಲ್ಲ ವೈನರಿಗಳು. ಒಂದೇ ದಿನ ಎರಡು ಮೂರು ನೋಡಬಹುದು. ನಾಸಿಕಕ್ಕೆ ವೋಟು ಬಿತ್ತು.

ಇನ್ನು ಉಳಿಯುವ ಪ್ರಶ್ನೆ. ವೈನ್ ಪ್ರವಾಸದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ದೇವಸ್ಥಾನ ನೋಡಿಕೊಂಡು ಎಲ್ಲಿಗೆ ಬೇಕಾದರೂ ಕಾರು ಓಡಿಸಿಕೊಂಡು ಹೋಗಬಹುದು, ಇಲ್ಲಿ ಹಾಗಿಲ್ಲ. ಐದಾರು ಬಗೆ ಒಂದೊಂದು ಗುಟುಕು ಎಂದರೂ ಕೂಡಿಸಿದರೆ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ತೋಟದೊಳಗೇ ರೂಮು ಮಾಡುವುದು ಒಳ್ಳೆಯದು. ಆದರೆ ಕೊಯ್ಲಿನ ತಿಂಗಳ ಶನಿವಾರ ಅಂಥ ರೂಮಿನ ಬಾಡಿಗೆ ಕೇಳಿದರೆ ಕುಡಿಯದೆಯೇ ತಲೆ ತಿರುಗುತ್ತದೆ. ಊರೊಳಗೆ ಕಾಲೇಜ್ ರೋಡಿನ ಲಾಡ್ಜುಗಳು ಅಗ್ಗ, ಬೆಳಗಾದರೆ ಕಿಟಕಿಯಲ್ಲಿ ಬಳ್ಳಿಯ ಬದಲು ಬಸ್ಸು. ನಾವು ಧೈರ್ಯ ಮಾಡಿ ತೋಟದ ರೂಮನ್ನೇ ಎರಡು ರಾತ್ರಿಗೆ ಹಿಡಿದೆವು. ನನಗಿದು ನಲವತ್ತನೇ ವರ್ಷ, ಒಂದು ಸಲ ಖರ್ಚಾದರೆ ಆಗಲಿ ಅಂತ.

ಆಗ ಊರಿಂದ ಅಪ್ಪಾಜಿ ಫೋನ್ ಬಂತು. "ತಂಗಿ, ಕಣ್ಣಿಗಿ ಪೊರಿ ಬಂದೈತಿ ಅಂತಾರ. ಪುಣೇದಾಗ ಒಮ್ಮಿ ತೋರ್ಸೂಣು ಅಂತ. ಬರೂ ವಾರ ಬರ್ತೀನಿ."

ಬರಬೇಡಿ ಎನ್ನಲು ಬಾಯಿ ಬರುತ್ತದೆಯೇ? ಅಪ್ಪಾಜಿಗೆ ಪುಣೆ ಎಂದರೆ ಮೊದಲಿಂದಲೂ ಮಾಂಜರಿ. ಅಲ್ಲಿ 1997ರಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಆಯಿತಲ್ಲ, ಊರಿನ ಬೆಳೆಗಾರರ ಜೊತೆ ಜೀಪಿನಲ್ಲಿ ಬಂದು ಹೋಗುತ್ತಿದ್ದರು. 2014ರ ಆಲಿಕಲ್ಲು ಮಳೆಯಾದ ಮೇಲೆ ಅದೂ ನಿಂತಿತು. ಆ ವರ್ಷ ಮಾರ್ಚ್‌ನಲ್ಲಿ ಅರ್ಧ ಹಣ್ಣು ಬಳ್ಳಿಯ ಮೇಲೆ, ಅರ್ಧ ಶೆಡ್ಡಿನ ಬಲೆಯ ಮೇಲೆ ಇತ್ತು. ಎರಡೂ ಹೋದವು. ಮರುವರ್ಷ ಮೂರು ಎಕರೆ ಕಿತ್ತು ಲಿಂಬಿ ಹಚ್ಚಿದರು, ಒಂದೆಕರೆ ಮಾತ್ರ ಉಳಿಸಿಕೊಂಡರು. ನಾನಾಗ ಪುಣೆಯಲ್ಲಿದ್ದೆ, ಹದಿನೈದು ದಿನದ ಮೇಲೆ ಊರಿಗೆ ಹೋದೆ. ಆಗಲೂ ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಪ್ರವಾಸ ಮುಂದೆ ಹಾಕಿಬಿಡೋಣ" ಎಂದರು ನಮ್ಮ ಮನೆಯವರು. ಗೆಳತಿಯ ಗಂಡ ಇನ್ನೊಂದು ಉಪಾಯ ಹೇಳಿದರು. ಹೇಗೂ ನಾಸಿಕ ಪುಣ್ಯಕ್ಷೇತ್ರ. ಹೆಂಗಸರು ಹಿರಿಯರನ್ನು ಕರೆದುಕೊಂಡು ಪಂಚವಟಿಯ ಧರ್ಮಶಾಲೆಯಲ್ಲಿ ಇರುವುದು, ಗಂಡಸರು ತೋಟದಲ್ಲಿ ಇರುವುದು! ಆಸೆ ಪಟ್ಟವಳು ನಾನು, ಡ್ರೈ ಡೇ ಹುಡುಕಿದವಳು ಅವಳು, ಕುಡಿಯುವವರು ಇವರು. ಗೆಳತಿ ಅವರ ಕಡೆ ನೋಡಿದ ನೋಟಕ್ಕೆ ಆ ಉಪಾಯ ಅಲ್ಲೇ ಬತ್ತಿಹೋಯಿತು. ಕೊನೆಗೆ ನಾನೇ ಅಪ್ಪಾಜಿಗೆ, "ಎಲ್ಲಾರೂ ತ್ರ್ಯಂಬಕೇಶ್ವರಕ್ಕ ಹೊಂಟೀವಿ, ನೀವೂ ಬರ್ರಿ" ಎಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಹೇಳಿದ್ದಕ್ಕೆ ತಕ್ಕಂತೆ ವಸತಿ ಬದಲಿಸಬೇಕಾಯಿತು. ಬಾರಿನ ಬೋರ್ಡು ಕಾಣುವ ಕಡೆ ಅಪ್ಪಾಜಿಯನ್ನು ಇಳಿಸುವುದು ಹೇಗೆ? ಧರ್ಮಶಾಲೆಗೆ ಹೋದರೆ ಸಂಜೆ ಬಾಯಿ ವಾಸನೆ ಹೊತ್ತು ಒಳಗೆ ಬರುವುದು ಹೇಗೆ? ಎರಡು ರಾತ್ರಿ ಫೋನು ತಿಕ್ಕಿ ತಿಕ್ಕಿ ಗಂಗಾಪುರ ರಸ್ತೆಯ ಆಚೆ ಒಂದು ತೋಟದ ಮನೆ ಹುಡುಕಿದೆ. ಮೂರು ರೂಮು, ಭಾಕ್ರಿ ಪಿಠ್ಲ ಊಟ, ಬಾಡಿಗೆ ರೆಸಾರ್ಟಿನ ಮೂರನೇ ಒಂದು ಪಾಲು. ಒಂದು ಕಡೆಗೆ ತ್ರ್ಯಂಬಕ, ಇನ್ನೊಂದು ಕಡೆಗೆ ವೈನರಿ. ಮೊದಲಿನ ರೂಮಿಗೆ ಕಟ್ಟಿದ ಮುಂಗಡ ಹೋಯಿತು. ಗಂಡ ಅದರ ಬಗ್ಗೆ ಮಾತಾಡಲಿಲ್ಲ, ನಿಟ್ಟುಸಿರು ಬಿಟ್ಟ ಅಷ್ಟೇ.

ಪುಣೆಯಿಂದ ನಾಸಿಕ ಇನ್ನೂರ ಹತ್ತು ಕಿಲೋಮೀಟರ್. ಚಾಕಣ ದಾಟುವುದರಲ್ಲೇ ಜೀವ ಅರ್ಧ ಹೋಗುತ್ತದೆ, ಅಷ್ಟು ಲಾರಿ. ನಾರಾಯಣಗಾಂವ ಬಂತು. ಶಾಮರಾವ್ ಚೌಗುಲೆ ಎಂಬವರು 1980ರ ದಶಕದಲ್ಲೇ ಇಲ್ಲಿ ಬುರುಗಿನ ವೈನ್ ಮಾಡಿ, 'ಒಮರ್ ಖಯ್ಯಾಮ್' ಅಂತ ಹೆಸರಿಟ್ಟು ಹೊರದೇಶಕ್ಕೆ ಕಳಿಸಿದ್ದರು. ಆ ಕಂಪನಿ ಆಮೇಲೆ ಸಾಲದಲ್ಲಿ ಮುಳುಗಿತು. ಅದನ್ನು ಹೇಳಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಅಪ್ಪಾಜಿ ಕಿಟಕಿಗೆ ಮುಖ ಹಚ್ಚಿ ಕೂತಿದ್ದರು. ಪೊರೆ ಬಂದ ಕಣ್ಣಿಗೂ ದ್ರಾಕ್ಷಿಯ ಚಪ್ಪರ ದೂರದಿಂದಲೇ ಕಾಣುತ್ತದೆ. "ಇವ್ರು ಚಾಟ್ನಿ ಜಲ್ದಿ ಮಾಡ್ಯಾರ" ಎಂದರು, ಒಂದು ಸಲ. ಬಳ್ಳಿ ಸವರುವುದಕ್ಕೆ ನಮ್ಮ ಕಡೆಯೂ, ಮರಾಠಿಯಲ್ಲೂ ಇದೇ ಮಾತು.

ತೋಟದ ಮನೆಯ ಯಜಮಾನ್ತಿ ಅರವತ್ತು ದಾಟಿದ ಮರಾಠಿ ಅಜ್ಜಿ. ಮೂರೆಕರೆ ತಿನ್ನುವ ದ್ರಾಕ್ಷಿ ಅವರದು. ಅಪ್ಪಾಜಿಯ ಮರಾಠಿ ಅಷ್ಟಕ್ಕಷ್ಟೆ, ಆಕೆಗೆ ಕನ್ನಡದ ಗಂಧವಿಲ್ಲ. ಆದರೂ ಕೈಕಾಲು ತೊಳೆದುಕೊಳ್ಳುವುದರೊಳಗೆ ಇಬ್ಬರೂ ಡಾಗ್‌ರಿಡ್ಜ್ ಬೇರು, ಔಷಧದ ರೇಟು ಅಂತ ಶುರುವಾದರು. ಮಾರನೇ ದಿನ ನಸುಕಿಗೇ ಎದ್ದು ತ್ರ್ಯಂಬಕಕ್ಕೆ ಹೋದೆವು. ಬ್ರಹ್ಮಗಿರಿಯ ಬುಡದಲ್ಲಿ ಚಳಿ, ಪಾಳಿಯಲ್ಲಿ ಮೂರು ತಾಸು. ಲಿಂಗದ ಜಾಗದಲ್ಲಿ ಒಂದು ಕುಳಿ, ಅದರೊಳಗೆ ಹೆಬ್ಬೆರಳಿನಷ್ಟು ಮೂರು ಲಿಂಗ. ಅಪ್ಪಾಜಿಗೆ ಕನ್ನಡಿಯಲ್ಲಿ ಕಂಡಿತೋ ಇಲ್ಲವೋ, ಕೈ ಮುಗಿದರು.

ಮಧ್ಯಾಹ್ನ ಊಟವಾಯಿತು. ನಾನು ಸೀರೆ ಬದಲಿಸಿ ಬಂದು, "ಅಪ್ಪಾಜಿ, ನೀವು ಸ್ವಲ್ಪ ಅಡ್ಡಾಗ್ರಿ, ನಾವು ಇಲ್ಲೇ ಹೋಗಿ ಬರ್ತೀವಿ" ಎಂದೆ.

"ವೈನ್ ಫ್ಯಾಕ್ಟ್ರಿಗೇನು? ನಡೀರಿ, ನಾನೂ ನೋಡ್ತೀನಿ."

ನನ್ನ ಮುಖ ಏನಾಗಿತ್ತೋ ಗೊತ್ತಿಲ್ಲ. ಅವರೇ ಅಂದರು, "ಈ ಬಾಯಿ ನಿನ್ನೆನ ಹೇಳಿದ್ಲು. ಇಲ್ಲಿ ಇಳ್ಯಾಕ ಬರೂ ಮಂದಿ ಎಲ್ಲಾ ಅದಕ್ಕ ಬರ್ತಾರಂತ." ಎರಡು ರಾತ್ರಿ ನಿದ್ದೆಗೆಟ್ಟು ಹುಡುಕಿದ ವಸತಿ ಅದು.

ವೈನರಿಯಲ್ಲಿ ನಮ್ಮನ್ನು ಸುತ್ತಿಸಿದ ಹುಡುಗ ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ನಾನು ಕನ್ನಡಕ್ಕೆ ತರುತ್ತಿದ್ದೆ. ಅಪ್ಪಾಜಿ ಬೇಲಿಯಂತೆ ತಂತಿಗೆ ಹಬ್ಬಿಸಿದ ಸಾಲಿನಲ್ಲಿ ಬಗ್ಗಿ ಗೊಂಚಲು ಹಿಡಿದು ನೋಡಿದರು. ಬಟಾಣಿಗಿಂತ ಸ್ವಲ್ಪ ದೊಡ್ಡ ಕಾಯಿ, ದಪ್ಪ ಸಿಪ್ಪೆ, ಒಳಗೆ ಬೀಜ. ನಮ್ಮ ತೋಟದಲ್ಲಿ ಕಾಯಿ ಉದ್ದವಾಗಲಿ ಎಂದು ಜಿಬ್ಬರೆಲಿಕ್ ಆಸಿಡ್ಡಿನಲ್ಲಿ ಅದ್ದುತ್ತೇವೆ, ಇಲ್ಲಿ ಸಣ್ಣದೇ ಇರಬೇಕು. ಬಣ್ಣ, ಒಗರು, ವಾಸನೆ ಬಹಳಷ್ಟು ಸಿಪ್ಪೆಯಲ್ಲೇ ಇರುವುದರಿಂದ ಸಣ್ಣ ಕಾಯಿಗೆ ಬೆಲೆ. ಕೆಂಪು ವೈನಿಗೆ ಸಿಪ್ಪೆ ಸಮೇತ ಹುದುಗಿಸುತ್ತಾರೆ, ಬಿಳಿಯದಕ್ಕೆ ಮೊದಲೇ ಹಿಂಡಿ ರಸ ಬೇರೆ ಮಾಡುತ್ತಾರೆ. ಬ್ರಿಕ್ಸ್ ಎಷ್ಟಕ್ಕೆ ಕೊಯ್ತೀರಿ, ರೈತನ ಜೊತೆ ಎಷ್ಟು ವರ್ಷದ ಕರಾರು, ಮಳೆ ಬಂದರೆ ಲುಕ್ಸಾನು ಯಾರದು, ಎಂದೆಲ್ಲ ಅಪ್ಪಾಜಿ ಕೇಳಿದರು. ಮೊದಲೆರಡಕ್ಕೆ ಹುಡುಗ ಉತ್ತರ ಕೊಟ್ಟ. ಮೂರನೆಯದಕ್ಕೆ ನಕ್ಕ.

ಒಳಗೆ ಸ್ಟೀಲಿನ ದೊಡ್ಡ ದೊಡ್ಡ ಟ್ಯಾಂಕು. ಅಂದು ಬೆಳಿಗ್ಗೆಯಷ್ಟೇ ಹಣ್ಣು ಬಂದು ಬಿದ್ದಿತ್ತು. ಹಿಂದಿನ ವಾರದ ಕೆಂಪು ರಸ ಹುದುಗುತ್ತಿತ್ತು. ಬಾಗಿಲಲ್ಲೇ ಘಮ್ಮೆಂದು ಬಡಿಯಿತು, ಹುಳಿ, ಸಿಹಿ, ಹಿಟ್ಟು ಹುದುಗಿದಂಥ ವಾಸನೆ. ಅಪ್ಪಾಜಿ ಹೊಸ್ತಿಲಲ್ಲಿ ನಿಂತುಬಿಟ್ಟರು.

"ಆ ವರ್ಷ ನಮ್ಮ ಶೆಡ್ಡಿನ್ಯಾಗ ಹಿಂಗ ಬಂದಿತ್ತು. ಎಂಟ್ ದಿನ. ನಿಮ್ಮವ್ವ ಆ ಕಡೆ ಕಿಟಕಿ ತಗೀಲೇ ಇಲ್ಲ."

ಹತ್ತು ವರ್ಷದಲ್ಲಿ ಆ ಮಳೆಯ ಬಗ್ಗೆ ನನ್ನ ಮುಂದೆ ಅವರಾಡಿದ ಮೊದಲ ಮಾತು ಅದು. ಹುಡುಗ ಏನೆಂದ ಎಂಬಂತೆ ನನ್ನ ಕಡೆ ನೋಡಿದ. ನಾನು ಅನುವಾದ ಮಾಡಲಿಲ್ಲ.

ರುಚಿ ನೋಡುವ ಮೇಜಿನಲ್ಲಿ ಎಲ್ಲರ ಮುಂದೆ ಗ್ಲಾಸು ಇಟ್ಟರು. ಅಪ್ಪಾಜಿಗೆ ದ್ರಾಕ್ಷಿ ಜ್ಯೂಸು. ಗ್ಲಾಸನ್ನು ತಿರುವಬೇಕು, ಮೂಸಬೇಕು, ಆಮೇಲೆ ಗುಟುಕು. ಸೊವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನಿನಲ್ಲಿ ದೊಣ್ಣಮೆಣಸಿನಕಾಯಿ ವಾಸನೆ ಇದೆ ಎಂದ ಹುಡುಗ. ಅಪ್ಪಾಜಿ ನನ್ನ ಗ್ಲಾಸು ಇಸಿದುಕೊಂಡು ಮೂಸಿ, "ಹೌದು, ಐತಿ" ಎಂದು ವಾಪಸು ಕೊಟ್ಟರು. ನನ್ನ ಕೈ ಗ್ಲಾಸಿನ ಮೇಲೇ ಇತ್ತು, ಮೇಲೆ ಏಳಲಿಲ್ಲ. ಅವರು ಎದ್ದರು. "ನಾ ಆ ಸಾಲು ಇನ್ನೊಮ್ಮಿ ನೋಡಿ ಬರ್ತೀನಿ. ನೀವು ಸಾವಕಾಶ ಬರ್ರಿ" ಎಂದು ಜ್ಯೂಸು ಹಿಡಿದುಕೊಂಡೇ ಹೊರಗೆ ಹೋದರು. ಗಾಜಿನ ಗೋಡೆಯಾಚೆ ಅವರ ಬಿಳಿ ಟೊಪಿಗೆ ಬಳ್ಳಿಗಳ ನಡುವೆ ಹೋಗುವುದು ಕಾಣುತ್ತಿತ್ತು. ನಾನು ಐದು ಬಗೆಯನ್ನೂ ಕುಡಿದೆ. ಯಾವುದು ಹೇಗಿತ್ತೆಂದು ಗೆಳತಿಯನ್ನೇ ಕೇಳಬೇಕು.

ರಾತ್ರಿ ತೋಟದ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಊರಿಂದ ಅವ್ವ ಫೋನ್ ಮಾಡಿದಳು. ಅಪ್ಪಾಜಿ ಸ್ಪೀಕರ್ ಹಾಕಿಯೇ ಮಾತಾಡುವವರು.

"ಹ್ಯಾಂಗಾತು ದರ್ಶನ?"

"ಭಾಳ ಚೊಲೊ ಆತು. ಮೂರು ತಾಸು ಪಾಳಿ ಇತ್ತು."

"ಮತ್ತೇನ್ ನೋಡಿದ್ರಿ?"

ಅಪ್ಪಾಜಿ ಒಂದು ಗಳಿಗೆ ನನ್ನ ಕಡೆ ನೋಡಿದರು. "ಮತ್ತೇನಿಲ್ಲ. ಇಲ್ಲೇ ಒಬ್ಬರ ತ್ವಾಟ ನೋಡಿ ಬಂದ್ವಿ. ಕಾಯಿ ಭಾಳ ಸಣ್ಣು ಅದಾವ. ತಗೋ, ತಂಗಿ ಮಾತಾಡ್ತಾಳಂತ," ಎಂದು ಫೋನು ನನ್ನ ಕೈಗೆ ಕೊಟ್ಟು ಒಳಗೆ ನಡೆದರು.