ಹಳೆಯ ಡಿಸ್ಕಿನ ಸಿ ಭಾಗ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು. 2012ರಲ್ಲಿ ಕೊಂಡು, ವಿಂಡೋಸ್ 7ರಿಂದ 10ಕ್ಕೆ ಏರಿಸಿಕೊಂಡು ಬಂದಿದ್ದ ನಮ್ಮ ಮನೆಯ ಕಂಪ್ಯೂಟರಿಗೆ 11ಕ್ಕೆ ಬಡ್ತಿ ಪಡೆಯುವ ಅರ್ಹತೆ ಇರಲಿಲ್ಲ. ಹೊಸದು ಬಂತು. ಅದರಲ್ಲಿ ವಿಂಡೋಸ್ ನೆಲೆಸಿರುವುದು ಬೆರಳುದ್ದದ ತೆಳುವಾದ ಎಸ್‌ಎಸ್‌ಡಿಯಲ್ಲಿ. ಹಳೆಯದರಿಂದ ಉಳಿದದ್ದು ಅಂಗೈಯಗಲದ ಒಂದು ಹಾರ್ಡ್ ಡಿಸ್ಕ್. ಮೇಲೆ 1 ಟಿಬಿ ಎಂದು ಮುದ್ರಿಸಿದ್ದರೂ ವಿಂಡೋಸ್ ಅದನ್ನು 931 ಜಿಬಿ ಎಂದೇ ತೋರಿಸುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದರೆ ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ತೂಕದಲ್ಲಿ ಮೋಸವಿಲ್ಲ, ಸೇರು ಬೇರೆ.

ಹದಿಮೂರು ವರ್ಷ ಪ್ರತಿದಿನ ಯಂತ್ರವನ್ನು ಎಬ್ಬಿಸಿದ ಈ ಡಿಸ್ಕನ್ನು ಇನ್ನು ಉಗ್ರಾಣದ ಕೆಲಸಕ್ಕೆ ಹಾಕಬೇಕಿತ್ತು. ಪುಣೆಯ ತಪ್ಕೀರ್ ಗಲ್ಲಿಯಲ್ಲಿ ಸಾಟಾ ಕೇಬಲ್ ಕೊಳ್ಳುವಾಗ ಅಂಗಡಿಯ ಹುಡುಗ ಮರಾಠಿಯಲ್ಲಿ ಉಚಿತ ಸಲಹೆಯನ್ನೂ ಕೊಟ್ಟ: ಡಿ ಭಾಗದಲ್ಲಿರುವ ನಿಮ್ಮ ಕಡತಗಳನ್ನು ಉಳಿಸಿಕೊಳ್ಳಿ, ಸಿ ಭಾಗವನ್ನು ಫಾರ್ಮ್ಯಾಟ್ ಮಾಡಿ, ಅದರಲ್ಲಿ ಬರೀ ವಿಂಡೋಸಿನ ಕಸ. ಬಹುತೇಕರಿಗೆ ಇದು ಸರಿಯಾದ ಸಲಹೆಯೇ. ಹಳೆಯ ಕಾರ್ಯವ್ಯವಸ್ಥೆಯನ್ನು ಹಾಗೆಯೇ ಬಿಟ್ಟರೆ ವ್ಯರ್ಥವಾಗಿ ಜಾಗ ಹೋಗುತ್ತದೆ. ಕೆಲವೊಮ್ಮೆ ಯಂತ್ರ ಹೊಸದನ್ನು ಬಿಟ್ಟು ಹಳೆಯದರಿಂದಲೇ ಏಳಲು ಹೊರಟು ಗೊಂದಲವಾಗುತ್ತದೆ. ಹಾಗಾಗಿ ಮೊದಲು ಬಯಾಸ್‌ಗೆ ಹೋಗಿ, ಬೂಟ್ ಆಗುವ ಅನುಕ್ರಮದಲ್ಲಿ ಹೊಸದನ್ನೇ ಮೇಲಿಟ್ಟೆ.

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕಡತಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸುತ್ತೇವೆ. ಎ ಮತ್ತು ಬಿ ಶಾಶ್ವತ. ಸಿ ವರ್ಗದ್ದಕ್ಕೆ ಗರಿಷ್ಠ ಹತ್ತು ವರ್ಷ ಆಯಸ್ಸು. ನಾಶಮಾಡುವ ಮುನ್ನ ಒಮ್ಮೆ ತೆರೆದು ನೋಡಬೇಕೆಂಬುದು ಪದ್ಧತಿ. ಆ ಅಭ್ಯಾಸದಿಂದಲೇ ಇರಬೇಕು, ಏನನ್ನೂ ಅಳಿಸುವ ಮೊದಲು ಉಳಿಸಬೇಕಾದ ಕಡತಗಳನ್ನು ತೆರೆದು ನೋಡಿದೆ.

ಅವುಗಳಲ್ಲಿ ‘ಅವ್ವನ ಪದಗಳು’ ಎಂಬ ಒಂದು ಫೋಲ್ಡರ್ ಇತ್ತು. ಧಾರವಾಡದಲ್ಲಿ ಕನ್ನಡ ಮಾಸ್ತರರಾಗಿ ನಿವೃತ್ತರಾದ ಅಪ್ಪ ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದಾಗಲೆಲ್ಲ, ಅವ್ವ ಅಕ್ಕಿ ಆರಿಸುತ್ತ ಹಾಡಿಕೊಳ್ಳುತ್ತಿದ್ದ ಬೀಸುವ ಪದ, ಸೋಬಾನೆ ಪದಗಳನ್ನು ಎರಡು ಬೆರಳುಗಳಲ್ಲಿ ಬೆರಳಚ್ಚಿಸುತ್ತಿದ್ದರು. ಒಟ್ಟು 63 ಹಾಡು. ಅವ್ವ ಹೋಗಿ ಏಳು ವರ್ಷವಾಯಿತು. ಹಾಡಿದ್ದನ್ನು ಧ್ವನಿಮುದ್ರಿಸಿಕೊಳ್ಳಲು ಆಕೆ ಎಂದೂ ಒಪ್ಪಲಿಲ್ಲ.

ಹೊಸ ಯಂತ್ರದಲ್ಲಿ ತೆರೆದಾಗ ಅಲ್ಲಿ ಕನ್ನಡವೇ ಇರಲಿಲ್ಲ. ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನರ ಒಂದು ಅಕ್ಷರ, ಚಿಕ್ಕ ಕ್ಯೂ, ಇನ್ನೊಂದು ಎ. ಇಂಗ್ಲಿಷ್ ಎಂಎ ಮಾಡಿದವನಿಗೂ ಓದಲಾಗದ ಇಂಗ್ಲಿಷ್!

ಕಡತ ಕೆಟ್ಟಿರಲಿಲ್ಲ. ಯುನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ. ಅಪ್ಪ ಕಲಿತಿದ್ದ ಹಳೆಯ ನುಡಿ ತಂತ್ರಾಂಶದ ಫಾಂಟುಗಳಲ್ಲಿ ಹಾಗಲ್ಲ. ರೋಮನ್ ಲಿಪಿಯ ಸಂಖ್ಯೆಗಳ ಮೇಲೆಯೇ ಕನ್ನಡದ ಚೂರುಗಳನ್ನು ಚಿತ್ರದಂತೆ ಕೂರಿಸಲಾಗಿತ್ತು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಈ ಪಿ, ಎ, ಪೌಂಡುಗಳ ಸಂತೆ. ಆ ಫಾಂಟುಗಳಿದ್ದದ್ದು ಹಳೆಯ ಸಿ ಭಾಗದಲ್ಲಿ, ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಎಂಬ ಕೋಣೆಯಲ್ಲಿ. ಅಂಗಡಿಯ ಹುಡುಗ ಕಸವೆಂದದ್ದು ಅದನ್ನೂ ಸೇರಿಸಿ.

ನುಡಿಯ ಫಾಂಟುಗಳನ್ನು ಇಂದಿಗೂ ಅಂತರಜಾಲದಿಂದ ಇಳಿಸಿಕೊಳ್ಳಬಹುದು. ಆದರೆ 17 ಹಾಡುಗಳನ್ನು ಅಪ್ಪ ಬೇರೊಂದು ಫಾಂಟಿನಲ್ಲಿ ಬರೆದಿದ್ದರು. ಅಚ್ಚುಕೂಟ ನಡೆಸುತ್ತಿದ್ದ ಅವರ ಗೆಳೆಯರು ಪೆನ್ ಡ್ರೈವಿನಲ್ಲಿ ಕೊಟ್ಟದ್ದು, ನೋಡಲು ಚೆಂದವೆಂದು ಇವರು ಹಾಕಿಕೊಂಡದ್ದು. ಆ ಅಚ್ಚುಕೂಟ ಈಗಿಲ್ಲ, ಗೆಳೆಯರೂ ಇಲ್ಲ. ಆ ಫಾಂಟಿನ ಪ್ರತಿ ನನಗೆ ಸಿಕ್ಕಿದ್ದು ಈ ಡಿಸ್ಕಿನಲ್ಲಿ ಮಾತ್ರ.

ಫಾಂಟುಗಳನ್ನೆಲ್ಲ ಹೊಸ ಯಂತ್ರಕ್ಕೆ ನಕಲಿಸಿದೆ. ಅಕ್ಷರಗಳು ಮರಳಿದವು. ಎಲ್ಲ 63 ಹಾಡುಗಳನ್ನೂ ಫಾಂಟ್ ಒಳಗೊಂಡ ಪಿಡಿಎಫ್ ಮಾಡಿ, ಒಂದು ಪ್ರತಿಯನ್ನು ಧಾರವಾಡದಲ್ಲಿರುವ ತಂಗಿಗೆ ಕಳುಹಿಸಿದೆ. ಹಳೆಯ ಡಿಸ್ಕಿನ ಬಳಕೆದಾರರ ಫೋಲ್ಡರ್ ಮಾತ್ರ ನನ್ನ ಹೆಸರಿನದೇ ಆದರೂ ನನಗೆ ಪ್ರವೇಶಾನುಮತಿ ಇಲ್ಲವೆಂದಿತು. ಹೊಸ ಯಂತ್ರಕ್ಕೆ ನಾನು ಹೊಸ ವ್ಯಕ್ತಿ. ಮುಂದುವರಿಯಿರಿ ಎಂಬುದನ್ನು ಒತ್ತಿದ ಮೇಲೆ ಒಳಗೆ ಬಿಟ್ಟುಕೊಂಡಿತು. ನಮ್ಮ ಕಚೇರಿಯಲ್ಲಾಗಿದ್ದರೆ ಮೂರು ಸಹಿ ಬೇಕಾಗುತ್ತಿತ್ತು. ಇವೆಲ್ಲ ಆದ ಮೇಲೆಯೇ ಸಿ ಭಾಗವನ್ನು ಫಾರ್ಮ್ಯಾಟ್ ಮಾಡಿದ್ದು. ಈಗ ಅದರಲ್ಲಿ ಫೋಟೋಗಳ ಎರಡನೆಯ ಪ್ರತಿಗಳಿವೆ. ಹದಿಮೂರು ವರ್ಷ ತಿರುಗಿದ ಡಿಸ್ಕಿಗೆ ಯಾವುದರದೇ ಏಕೈಕ ಪ್ರತಿಯನ್ನು ಒಪ್ಪಿಸುವುದು ಸಲ್ಲದು.

ನುಡಿಯಲ್ಲಿದ್ದ 46 ಹಾಡುಗಳನ್ನು ಪರಿವರ್ತಕ ತಂತ್ರಾಂಶ ಯುನಿಕೋಡಿಗೆ ತಂದಿತು. ಉಳಿದ 17ರ ಫಾಂಟನ್ನು ಯಾವ ಪರಿವರ್ತಕವೂ ಗುರುತಿಸಲಿಲ್ಲ. ಅವನ್ನು ನೋಡಿಕೊಂಡು ನಾನೇ ಬೆರಳಚ್ಚಿಸುತ್ತಿದ್ದೇನೆ. ಭಾನುವಾರ ಮಧ್ಯಾಹ್ನ ಫೋನಿನಲ್ಲಿ ಅಪ್ಪನಿಗೆ ಓದಿ ಹೇಳುತ್ತೇನೆ. ಅವರಿಗೀಗ ಪರದೆಯ ಮೇಲಿನ ಅಕ್ಷರ ಕಾಣಿಸುವುದಿಲ್ಲ. ಕಳೆದ ವಾರ ಒಂದು ಪದದ ಬಳಿ ತಡೆದೆ. ನೆಲವೋ, ನೆಲುವೋ?

“ನೆಲುವು” ಎಂದರು ಅಪ್ಪ. “ಬೆಣ್ಣಿ ಗಡಿಗಿ ಬೆಕ್ಕಿಗೆ ಸಿಗಬಾರದಂತ ಮ್ಯಾಲೆ ತೂಗಹಾಕ್ತಿದ್ದಿಲ್ಲೇನು ನಿಮ್ಮವ್ವ, ಅದು. ಮುಂದ ಓದು.”

ಹನ್ನೊಂದು ಮುಗಿದಿವೆ. ಇನ್ನು ಆರು.