ಉಜ್ಜುವ ಸುಖ

ಹಳೆಯ ಫೈಬರ್ ದೋಣಿಗೆ ಬಣ್ಣ ಬಳಿಯುವುದು ಒಂದೆರಡು ದಿನದ ಮಾತು. ಅದರ ಡೆಕ್ಕನ್ನು ಬಣ್ಣಕ್ಕೆ ಅಣಿ ಮಾಡುವುದಕ್ಕೆ ವಾರಗಳೇ ಬೇಕು. ನನಗೆ ಪ್ರೀತಿ ಆ ವಾರಗಳ ಮೇಲೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಒಟ್ಟಾಗಿ ಕಡಲು ಸೇರುವ ಗಂಗೊಳ್ಳಿಯ ದಡದಲ್ಲಿ ಇದಕ್ಕೆ ತಕ್ಕ ಕಾಲವೆಂದರೆ ಮಳೆಗೆ ಮುಂಚಿನ ಒಣ ಬಿಸಿಲು.

ಮೊದಲು ಸೋಪು, ಸಿಹಿನೀರು. ಉಪ್ಪು ಉಳಿದರೆ ತೇವ ಎಳೆದುಕೊಂಡು ಬಣ್ಣದಡಿ ಗುಳ್ಳೆ ಎಬ್ಬಿಸುತ್ತದೆ. ಆಮೇಲೆ ಜಿಡ್ಡಿನ ಸರದಿ. ವರ್ಷಗಟ್ಟಲೆ ಬೂತಾಯಿ ಹೇರಿದ ದೋಣಿಯಲ್ಲಿ ಮೂಲೆಮೂಲೆಗೂ ಮೀನೆಣ್ಣೆ ಇಳಿದಿರುತ್ತದೆ. ಒಂದು ಬಟ್ಟೆಯಿಂದ ಥಿನ್ನರ್ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ಎತ್ತಿಬಿಡಬೇಕು. ಉಜ್ಜುವ ಮುಂಚೆಯೇ ಇದಾಗಬೇಕು. ಇಲ್ಲವಾದರೆ ಸ್ಯಾಂಡ್ ಪೇಪರೇ ಜಿಡ್ಡನ್ನು ಗೀರುಗಳೊಳಗೆ ತುಂಬುತ್ತದೆ. ಪರೀಕ್ಷೆಗೆ ಒಂದು ಚೊಂಬು ನೀರು ಸಾಕು. ಕೆಸುವಿನೆಲೆಯ ಮೇಲಿನಂತೆ ಮಣಿಮಣಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ. ತೆಳ್ಳಗೆ ಒಂದೇ ಹಾಸಾಗಿ ಹರಡಿದರೆ ಹೋಗಿದೆ.

ಈಗ ಸುತ್ತಿಗೆಯ ಹಿಡಿಯಿಂದ ಗೇಣುಗೇಣಿಗೂ ತಟ್ಟುತ್ತಾ ಹೋಗುತ್ತೇನೆ. ಗಟ್ಟಿಯಿದ್ದಲ್ಲಿ 'ಟಣ್' ಎನ್ನುವ ಡೆಕ್, ಪದರ ಬಿಟ್ಟಲ್ಲಿ, ಒಳಗಿನ ಮರ ಕೊಳೆತಲ್ಲಿ 'ದಪ್' ಎನ್ನುತ್ತದೆ. ಬೋಲ್ಟಿನ ತೂತುಗಳ ಸುತ್ತ ಈ ಮಂಕು ಸದ್ದು ಹೆಚ್ಚು, ನೀರು ಇಳಿಯುವುದೇ ಅಲ್ಲಿಂದ. ಕೊಳೆತದ್ದನ್ನು ತೆಗೆದು ಕಟ್ಟದೆ ಮುಂದಿನ ಕೆಲಸವಿಲ್ಲ. ಕೂದಲೆಳೆಯ ಬಿರುಕಿನ ಮೇಲೆ ಸುಮ್ಮನೆ ಪುಟ್ಟಿ ಎಳೆದರೂ ನಿಲ್ಲದು. ಬಿರುಕನ್ನು ಕೆರೆದು ಅಗಲಿಸಿ ಒಳಕ್ಕೆ ತುಂಬಬೇಕು. ಬಿಸಿಲಿಗೆ ಪುಟ್ಟಿ ಬೇಗ ಕಲ್ಲಾಗುವುದರಿಂದ ಸ್ವಲ್ಪಸ್ವಲ್ಪವೇ ಕಲಸಬೇಕು.

ಕೊನೆಗೆ ನನ್ನ ನೆಚ್ಚಿನ ಉಜ್ಜುವಿಕೆ. ಮೂಗಿಗೆ ಮಾಸ್ಕ್, ಮೈಗೆ ತುಂಬುತೋಳಿನ ಅಂಗಿ. ಫೈಬರ್ ಧೂಳು ತಾಗಿದರೆ ಮೈಯೆಲ್ಲ ತುರಿಕೆ. 80ನೇ ನಂಬರಿನ ಕಾಗದದಿಂದ ಶುರುವಾಗಿ 120, 220 ಎಂದು ನಯಕ್ಕೆ ಬರುವಾಗ, ಬಿಸಿಲಿಗೆ ಸುಟ್ಟು ಪುಡಿಯಾದ ಹಳೆಯ ಜೆಲ್‌ಕೋಟ್ ಎಂಬ ಹೊರಪದರ ಉದುರಿ ಗಟ್ಟಿ ಮೈ ಮೇಲೇಳುತ್ತದೆ. ಪುಟ್ಟಿಯ ಅಂಚು ಕಣ್ಣಿಗೆ ಸಮವಾಗಿ ಕಂಡರೂ ಅಂಗೈ ಒಪ್ಪುವುದಿಲ್ಲ. ಕಣ್ಣು ಮುಚ್ಚಿ ಸವರಿದರೆ ಏರುತಗ್ಗು ಬೆರಳಿಗೆ ಸಿಕ್ಕಿಬಿಡುತ್ತದೆ. ಅಂಗೈ ಒಪ್ಪುವ ತನಕ ಉಜ್ಜುವುದೇ ಸುಖ.

'ಬಣ್ಣ ಯಾವಾಗ ಮಾರಾಯ್ರೆ?' ಎಂದು ಹೋಗಿಬರುವವರು ಕೇಳುತ್ತಾರೆ. ಬಣ್ಣ ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ಅದಕ್ಕೆ ಹಿಡಿತ ಕೊಡುವುದು ಅಡಿಯ ಈ ಸಣ್ಣ ಗೀರುಗಳು. ದೋಣಿಯ ಗುರುತು ಸಿಗುವುದೂ ಈ ಕೆಲಸದಲ್ಲೇ. ಡೆಕ್ ಎಲ್ಲಿ ಗಟ್ಟಿ, ಎಲ್ಲಿ ಸೋತಿತ್ತು, ಏನು ತುಂಬಿದೆ ಎಂದು ಬಲ್ಲವನು ಅಳಿವೆಯ ಅಲೆಯಲ್ಲೂ ಅದರ ಮೇಲೆ ನಂಬಿ ಕಾಲೂರುತ್ತಾನೆ.